ಸಂಖ್ಯೆಗೆ ಗುಣವಿದೆ, ಗ್ರಹಚಾರವಿಲ್ಲ

ಮೈಸೂರಿನ ಅಶೋಕ ರಸ್ತೆಯ ಪಕ್ಕದ ಓಣಿಯೊಂದರಲ್ಲಿ ನನ್ನ ಅಣ್ಣನ ಹೊಲಿಗೆ ಅಂಗಡಿಯಿದೆ. ದೊಡ್ಡ ಅಂಗಡಿಯೇನಲ್ಲ. ಎರಡು ಹೊಲಿಗೆ ಯಂತ್ರ, ಒಬ್ಬ ಸಹಾಯಕ, ಗೋಡೆಯ ತುಂಬ ನೇತುಹಾಕಿದ ಕುರ್ತಾ, ಸಲ್ವಾರ್ ಕಮೀಜ್. ರಮಝಾನ್ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. "ಭಾಯಿ, ಈದ್‌ಗೆ ಮುಂಚೆ ಬಟ್ಟೆ ಕೊಡ್ತೀರಲ್ಲಾ?" ಎಂದು ಕೇಳುವ ಫೋನುಗಳು ಇಫ್ತಾರಿನ ಹೊತ್ತಿನಲ್ಲೂ ನಿಲ್ಲುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ವ್ಯಾಪಾರ ಸ್ವಲ್ಪ ಮಂದವಾಯಿತು. ಜನ ಸಿದ್ಧ ಉಡುಪು ಕೊಳ್ಳತೊಡಗಿದ್ದರು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಆದರೆ ಯಾರೋ ಹೇಳಿದರೆಂದು ಅಣ್ಣ ಸಂಖ್ಯಾಶಾಸ್ತ್ರ ನೋಡುವವರೊಬ್ಬರ ಬಳಿ ಹೋದ. ಅವರು ಅವನ ಮೊಬೈಲ್ ನಂಬರಿನ ಹತ್ತು ಅಂಕಿಗಳನ್ನು ಕೂಡಿದರು. ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿದರು. ಕೊನೆಗೆ ಎಂಟು ಉಳಿಯಿತು. "ಎಂಟು ವ್ಯಾಪಾರಕ್ಕೆ ಆಗಿಬರುವುದಿಲ್ಲ, ನಂಬರು ಬದಲಿಸಿ" ಎಂದರು. ಅಣ್ಣ ಆ ಸಲಹೆಗೂ ದುಡ್ಡು ಕೊಟ್ಟ, ಮೊತ್ತ ಆರು ಬರುವ ಫ್ಯಾನ್ಸಿ ನಂಬರಿಗೂ ದುಡ್ಡು ಕೊಟ್ಟ. ಹಳೆಯ ಸಿಮ್ ಕಾರ್ಡ್ ಮೇಜಿನ ಡ್ರಾಯರ್ ಸೇರಿತು. ಕೆಲವು ತಿಂಗಳಲ್ಲಿ ಆ ನಂಬರು ರದ್ದಾಗಿ ಬೇರೆ ಯಾರದೋ ಪಾಲಾಯಿತು.

ಮುಂದಿನ ರಮಝಾನ್‌ನಲ್ಲಿ ಅಂಗಡಿಯ ಫೋನು ಹೆಚ್ಚು ಕಡಿಮೆ ಮೌನವಾಗಿತ್ತು. ಹದಿನೈದು ವರ್ಷಗಳಿಂದ ಬಿಲ್ಲಿನ ಮೇಲೆ, ಬಟ್ಟೆ ಚೀಲದ ಮೇಲೆ, ನೂರಾರು ಮನೆಗಳ ಡೈರಿಗಳಲ್ಲಿ ಇದ್ದದ್ದು ಆ ಹಳೆಯ ನಂಬರು. ಅದಕ್ಕೆ ಕರೆ ಮಾಡಿದವರಿಗೆ ಅಪರಿಚಿತರೊಬ್ಬರು "ರಾಂಗ್ ನಂಬರ್" ಎನ್ನುತ್ತಿದ್ದರು. ಅಂಗಡಿ ಮುಚ್ಚಿರಬೇಕು ಎಂದುಕೊಂಡು ಜನ ಬೇರೆ ಕಡೆ ಹೋದರು.

ಆ ನಂಬರಿಗೆ ನಿಜವಾಗಿಯೂ ಇದ್ದ ಬೆಲೆ ಒಂದೇ. ಅದು ಗಿರಾಕಿಗಳಿಗೆ ಬಾಯಿಪಾಠವಾಗಿತ್ತು. ಅಂಕಿಗಳನ್ನು ಕೂಡಿದವರಿಗೆ ಅದೊಂದು ಕಾಣಲಿಲ್ಲ.

ಬಿಲ್ ಪುಸ್ತಕದಲ್ಲೊಂದು ಸಂಖ್ಯೆ

ಒಂದು ಭಾನುವಾರ ಎಂಟನೆಯ ತರಗತಿಯ ನನ್ನ ಮಗಳು ಅಂಗಡಿಯಲ್ಲಿ ಕುಳಿತು ಹಳೆಯ ಬಿಲ್ ಪುಸ್ತಕಗಳ ಮೇಲೆ ಹೊಸ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಕೆಳಗಡೆ ವಿಳಾಸವಿತ್ತು: ಮೈಸೂರು - 570001. ಅವಳು ಬೆರಳಲ್ಲೇ ಕೂಡಿದಳು. ಐದು, ಏಳು, ಒಂದು. ಹದಿಮೂರು. ಒಂದು ಮತ್ತು ಮೂರು, ನಾಲ್ಕು.

"ಅಮ್ಮಿ, ನಾಲ್ಕೂ ಒಳ್ಳೆಯದಲ್ಲ ಅಂತ ಅವರು ಹೇಳಿದ್ರಂತೆ. ಹಾಗಾದರೆ ಮಾಮೂ ಪಿನ್‌ಕೋಡನ್ನೂ ಬದಲಾಯಿಸಬೇಕಾ?"

ಅಣ್ಣನೂ ನಕ್ಕ, ನಾನೂ ನಕ್ಕೆ. ಆದರೆ ಅವಳ ಮುಂದಿನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. "ಸಂಖ್ಯೆಗಳಿಗೆ ನಿಜಕ್ಕೂ ಗುಣ ಇರುತ್ತಾ?"

ಇರುತ್ತದೆ. ಅದನ್ನು ಯಾರ ಬಳಿಯೂ ಕೇಳಬೇಕಾಗಿಲ್ಲ. ಒಂದು ಪೆನ್ನು, ಒಂದು ಹಾಳೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು ಎಂದೆ. ಅಂದು ಸಂಜೆ ತಾಯಿ ಮಗಳು ಇಬ್ಬರೂ 570001ರ ಹಿಂದೆ ಬಿದ್ದೆವು.

ಅಂಕಿಗಳನ್ನು ಕೂಡಿದರೆ ಸಿಗುವುದೇನು?

ಮೊದಲಿಗೆ ಆ ಕೂಡುವ ವಿದ್ಯೆಯನ್ನೇ ನೋಡೋಣ. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ನೂರನ್ನು ಭಾಗಿಸಿದರೂ ಒಂದೇ, ಸಾವಿರವನ್ನು ಭಾಗಿಸಿದರೂ ಒಂದೇ. ಏಕೆಂದರೆ 99, 999 ಇವೆಲ್ಲ ಒಂಬತ್ತರ ಮಗ್ಗಿಯಲ್ಲಿ ಬರುವಂಥವು. ಆದ್ದರಿಂದ 523ನ್ನು ಒಂಬತ್ತರಿಂದ ಭಾಗಿಸುವ ಬದಲು 5, 2, 3 ಕೂಡಿದರೆ ಸಾಕು. ಮೊತ್ತ ಹತ್ತು, ಮತ್ತೆ ಕೂಡಿದರೆ ಒಂದು. ಭಾಗಿಸಿ ನೋಡಿ, ಶೇಷವೂ ಒಂದೇ.

ಅಂದರೆ ಅಂಕಿಗಳನ್ನು ಒಂದಕ್ಕಿಳಿಯುವವರೆಗೆ ಕೂಡುತ್ತಾ ಹೋದಾಗ ಸಿಗುವುದು ಒಂಬತ್ತರಿಂದ ಭಾಗಿಸಿದಾಗಿನ ಶೇಷ, ಅಷ್ಟೇ. (ಶೇಷ ಸೊನ್ನೆಯಾದರೆ ಮೊತ್ತ ಒಂಬತ್ತು ಬರುತ್ತದೆ.) ಹಾಗಾಗಿ ನಾಡಿನ ಎಲ್ಲ ಮೊಬೈಲ್ ನಂಬರುಗಳಲ್ಲಿ ಸುಮಾರಾಗಿ ಒಂಬತ್ತಕ್ಕೆ ಒಂದರ ಮೊತ್ತ ಎಂಟೇ ಇರುತ್ತದೆ. ಎಂಟು ವ್ಯಾಪಾರಕ್ಕೆ ಆಗುವುದಿಲ್ಲ ಎನ್ನುವುದಾದರೆ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಒಂಬತ್ತು ಅಂಗಡಿಗಳಿಗೆ ಒಂದು ಬಾಗಿಲು ಹಾಕಿರಬೇಕಿತ್ತು! ಅಷ್ಟೇ ಅಲ್ಲ, ನಂಬರಿನ ಅಂಕಿಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಮೊತ್ತ ಬದಲಾಗುವುದಿಲ್ಲ. ಗಿರಾಕಿಗೆ ಒಂದು ಅಂಕಿ ಆಚೀಚೆಯಾದರೂ ಫೋನು ಬೇರೆಯವರಿಗೆ ಹೋಗುತ್ತದೆ. ಸಂಖ್ಯಾಶಾಸ್ತ್ರಕ್ಕೆ ಮಾತ್ರ ಎರಡೂ ಒಂದೇ!

ಹಾಗೆಂದು ಈ ಕೂಡುವಿಕೆ ನಿರುಪಯುಕ್ತವೂ ಅಲ್ಲ. ಮಧ್ಯಯುಗದ ಅರಬಿ ಗಣಿತ ಗ್ರಂಥಗಳಲ್ಲಿ ಗುಣಾಕಾರ ಸರಿಯಿದೆಯೇ ಎಂದು ಪರೀಕ್ಷಿಸಲು ಇದೇ ವಿಧಾನ ಬಳಸುತ್ತಿದ್ದರು. ನಾವು ಅದನ್ನು ಒಂದು ಬೃಹತ್ ಸಂಖ್ಯೆಯ ಮೇಲೆ ಪ್ರಯೋಗಿಸಿದೆವು.

26 ಅಂಕಿಗಳ ಅದ್ಭುತ

ಶಕುಂತಲಾ ದೇವಿಯವರ ಹೆಸರು ಕೇಳದವರಿಲ್ಲ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಆರನೆಯ ವಯಸ್ಸಿನಲ್ಲೇ ತಮ್ಮ ಲೆಕ್ಕದ ಶಕ್ತಿಯನ್ನು ತೋರಿಸಿದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ. ಆಕೆಯ ತಂದೆ ಸರ್ಕಸ್‌ನಲ್ಲಿ ದುಡಿಯುತ್ತಿದ್ದವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 13 ಅಂಕಿಗಳ ಎರಡು ಸಂಖ್ಯೆಗಳನ್ನು ಕೊಡಲಾಯಿತು. 76,86,36,97,74,870 ಮತ್ತು 24,65,09,97,45,779. ಇವನ್ನು ಗುಣಿಸಿ ಅವರು ಹೇಳಿದ ಉತ್ತರ ಇದು:

1,89,47,66,81,77,99,54,26,46,27,73,730

ತೆಗೆದುಕೊಂಡ ಸಮಯ 28 ಸೆಕೆಂಡು. ಈ ಸಾಧನೆ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು.

ಈ ಉತ್ತರವನ್ನು ನಾವು ಪರೀಕ್ಷಿಸಬಹುದೇ? ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಎರಡನೆಯದರ ಮೊತ್ತ 74, ಆಮೇಲೆ 11, ಕೊನೆಗೆ 2. ಆರೆರಡಲ ಹನ್ನೆರಡು, ಅಂದರೆ 3. ಇನ್ನು ಉತ್ತರದ ಅಂಕಿಗಳ ಮೊತ್ತ 138, ಆಮೇಲೆ 12, ಕೊನೆಗೆ 3. ತಾಳೆಯಾಯಿತು! ಇದೊಂದರಿಂದಲೇ ಉತ್ತರ ಸರಿಯೆಂದು ಸಾಬೀತಾಗುವುದಿಲ್ಲ. ಆದರೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಮಾತ್ರ ಖಚಿತ. ಅಂಕಿಗಳ ಮೊತ್ತದ ಸರಿಯಾದ ಕೆಲಸ ಇದು. ಭವಿಷ್ಯ ನುಡಿಯುವುದಲ್ಲ, ತಪ್ಪು ಹಿಡಿಯುವುದು.

ಶಕುಂತಲಾ ದೇವಿಯವರು ಜ್ಯೋತಿಷ್ಯವನ್ನೂ ಹೇಳುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಹೇಳುತ್ತಿದ್ದರು. ಆದರೆ ಲಂಡನ್ನಿನಲ್ಲಿ ಅವರ ಕೈಹಿಡಿದದ್ದು ಜ್ಯೋತಿಷ್ಯವಲ್ಲ. ಅಲ್ಲಿ ಉತ್ತರ ಸರಿ ಅಥವಾ ತಪ್ಪು, ಮಧ್ಯದ ದಾರಿಯಿರಲಿಲ್ಲ.

ಇಷ್ಟು ದೊಡ್ಡ ಸಂಖ್ಯೆಯನ್ನು ಬಾಯಲ್ಲಿ ಹೇಳುವುದು ಹೇಗೆ? ಅದಕ್ಕೂ ನಮ್ಮ ನಾಡಿನಲ್ಲೇ ಉತ್ತರವಿದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತದಿಂದ ಆರಂಭಿಸಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೊನೆಯ ಸ್ಥಾನದ ಹೆಸರು ಮಹಾಕ್ಷೋಭ. ಅವರ ಲೆಕ್ಕದಲ್ಲಿ ಶಕುಂತಲಾ ದೇವಿಯವರ ಉತ್ತರ 189 ಮಹಾಕ್ಷೋಭಕ್ಕಿಂತ ಸ್ವಲ್ಪ ಹೆಚ್ಚು!

ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಗಳೂ ಅದೇ ಗ್ರಂಥದಲ್ಲಿವೆ. 2,79,94,681ನ್ನು 441ರಿಂದ ಗುಣಿಸಿ ನೋಡಿ. ಬರುವ ಉತ್ತರ 12345654321. ಮಕ್ಕಳ ಕೈಯಲ್ಲಿ ಮಾಡಿಸಿ, ಅವರ ಮುಖ ಅರಳುವುದನ್ನು ನೋಡಿ.

ಕೊರತೆ, ಸಮೃದ್ಧಿ, ಪರಿಪೂರ್ಣತೆ

ಗಣಿತಜ್ಞರು ಸಂಖ್ಯೆಗಳನ್ನು ಗುಂಪು ಮಾಡುವ ಒಂದು ಹಳೆಯ ಪದ್ಧತಿಯಿದೆ. ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳನ್ನು ಕೂಡಬೇಕು. ಎಂಟನ್ನು ಭಾಗಿಸುವವು 1, 2, 4. ಮೊತ್ತ ಏಳು, ಎಂಟಕ್ಕಿಂತ ಕಡಿಮೆ. ಹಾಗಾಗಿ ಎಂಟು ಕೊರತೆಯ ಸಂಖ್ಯೆ. ಹನ್ನೆರಡನ್ನು ಭಾಗಿಸುವವು 1, 2, 3, 4, 6. ಮೊತ್ತ ಹದಿನಾರು. ಇದು ಸಮೃದ್ಧ ಸಂಖ್ಯೆ. ಆರನ್ನು ಭಾಗಿಸುವ 1, 2, 3 ಕೂಡಿದರೆ ಸರಿಯಾಗಿ ಆರೇ. ಇದು ಪರಿಪೂರ್ಣ ಸಂಖ್ಯೆ. 28 ಕೂಡ ಹಾಗೆಯೇ.

ಗ್ರೀಕರಿಂದ ಬಂದ ಈ ವಿದ್ಯೆಯನ್ನು ಬಗ್ದಾದಿನ ವಿದ್ವಾಂಸರು ಬಹಳ ಮುಂದಕ್ಕೆ ಒಯ್ದರು. 9ನೆಯ ಶತಮಾನದ ಸಾಬಿತ್ ಇಬ್ನ್ ಕುರ್ರಾ 'ಸ್ನೇಹ ಸಂಖ್ಯೆ'ಗಳನ್ನು ಹುಡುಕುವ ನಿಯಮವೊಂದನ್ನು ಸಾಧಿಸಿ ತೋರಿಸಿದರು. 220ನ್ನು ಭಾಗಿಸುವ ಸಂಖ್ಯೆಗಳ ಮೊತ್ತ 284, 284ನ್ನು ಭಾಗಿಸುವ ಸಂಖ್ಯೆಗಳ ಮೊತ್ತ 220. ಒಂದರೊಳಗೆ ಇನ್ನೊಂದು! 1300ರ ಆಸುಪಾಸಿನಲ್ಲಿ ಕಮಾಲುದ್ದೀನ್ ಫಾರಿಸಿ 17296 ಮತ್ತು 18416 ಎಂಬ ಜೋಡಿಯ ಬಗ್ಗೆ ಬರೆದರು. ಫ್ರಾನ್ಸಿನ ಫರ್ಮಾ ಅದೇ ಜೋಡಿಯನ್ನು ಮತ್ತೆ ಕಂಡುಹಿಡಿದದ್ದು 1636ರಲ್ಲಿ.

ಇಲ್ಲೊಂದು ಪಾಠವಿದೆ. 220 ಮತ್ತು 284ನ್ನು ಪ್ರೀತಿ ಹುಟ್ಟಿಸುವ ತಾಯಿತಗಳಲ್ಲಿ ಬಳಸುವವರೂ ಆ ಕಾಲದಲ್ಲಿದ್ದರು. ಇಬ್ನ್ ಖಲ್ದೂನರ 'ಮುಕದ್ದಿಮಾ'ದಲ್ಲಿ ಅದರ ಉಲ್ಲೇಖವಿದೆ. ತಾಯಿತ ಬರೆದವರು ಯಾರೆಂದು ಇಂದು ಯಾರಿಗೂ ನೆನಪಿಲ್ಲ. ಸಾಬಿತರ ನಿಯಮ ಮಾತ್ರ ಇಂದಿಗೂ ಹಾಗೆಯೇ ನಿಂತಿದೆ.

ಈಗ ಶಕುಂತಲಾ ದೇವಿಯವರ ಸಂಖ್ಯೆಗೆ ಮರಳೋಣ. ಅದು ಯಾವ ಗುಂಪಿನದು? ಕೊನೆಯಲ್ಲಿ ಸೊನ್ನೆಯಿದೆ, ಆದ್ದರಿಂದ ಸಮಸಂಖ್ಯೆ. ಅಂಕಿಗಳ ಮೊತ್ತ 138 ಮೂರರ ಮಗ್ಗಿಯಲ್ಲಿ ಬರುತ್ತದೆ, ಆದ್ದರಿಂದ ಮೂರರಿಂದಲೂ ಭಾಗವಾಗುತ್ತದೆ. ಹಾಗಾದರೆ ಆರರಿಂದಲೂ ಭಾಗವಾಗುತ್ತದೆ. ಆರರಿಂದ ಭಾಗವಾಗುವ ಯಾವುದೇ ಸಂಖ್ಯೆಯ ಅರ್ಧ, ಮೂರನೆಯ ಒಂದು ಭಾಗ, ಆರನೆಯ ಒಂದು ಭಾಗ ಮೂರನ್ನೂ ಕೂಡಿದರೆ ಆ ಸಂಖ್ಯೆಯೇ ಬರುತ್ತದೆ. ಅದರ ಮೇಲೆ ಕನಿಷ್ಠ 'ಒಂದು' ಎಂಬ ಭಾಜಕವಾದರೂ ಹೆಚ್ಚಿಗೆ ಇದ್ದೇ ಇರುತ್ತದೆ. ಹಾಗಾಗಿ ಆರಕ್ಕಿಂತ ದೊಡ್ಡದಾದ ಅಂಥ ಸಂಖ್ಯೆಗಳೆಲ್ಲ ಸಮೃದ್ಧವೇ. ಉಳಿದ ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗದೆ 26 ಅಂಕಿಯ ಸಂಖ್ಯೆಯ ಗುಣ ಹೇಳಿದೆವು!

ಒಡೆಯಲಾಗದ 570001

ಇನ್ನು ನಮ್ಮ ಪಿನ್‌ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ ಅಂಕಿ ಐದು ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಇರುವ ವಲಯ. ಮೊದಲ ಮೂರು ಅಂಕಿ 570 ಮೈಸೂರನ್ನು ಸೂಚಿಸುತ್ತದೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯನ್ನು. 570001 ನಮ್ಮ ಪ್ರಧಾನ ಅಂಚೆ ಕಚೇರಿ.

ಅದು ಯಾವುದರಿಂದ ಭಾಗವಾಗುತ್ತದೆ? ಬೆಸಸಂಖ್ಯೆ, ಆದ್ದರಿಂದ ಎರಡು ಇಲ್ಲ. ಮೊತ್ತ 13, ಆದ್ದರಿಂದ ಮೂರು ಇಲ್ಲ. ಕೊನೆಯಲ್ಲಿ ಒಂದಿದೆ, ಐದು ಇಲ್ಲ. ಏಳರಿಂದ ಭಾಗಿಸಿದರೆ ಐದು ಉಳಿಯಿತು. ಹತ್ತೊಂಬತ್ತರಿಂದ ಭಾಗಿಸಿದರೆ ಒಂದು ಉಳಿಯಿತು.

"ಎಲ್ಲಿಯವರೆಗೆ ಮಾಡಬೇಕು ಅಮ್ಮಿ?" ಎಂದು ಮಗಳು ಕೇಳಿದಳು. 755ರ ವರ್ಗ 5,70,025. ನಮ್ಮ ಸಂಖ್ಯೆಗಿಂತ ಸ್ವಲ್ಪ ಹೆಚ್ಚು. ಸಂಖ್ಯೆ ಎರಡು ಭಾಗವಾಗಿ ಒಡೆಯುವುದಾದರೆ ಒಂದು ಭಾಗವಾದರೂ 755ಕ್ಕಿಂತ ಚಿಕ್ಕದಿರಲೇಬೇಕು. 755ರ ಒಳಗೆ 133 ಅವಿಭಾಜ್ಯ ಸಂಖ್ಯೆಗಳಿವೆ. ಅವನ್ನು ಮಾತ್ರ ನೋಡಿದರೆ ಸಾಕು. ಎರಡು ಸಂಜೆ, ಅರ್ಧ ಅವಳು, ಅರ್ಧ ನಾನು. 59ರಿಂದ ಭಾಗಿಸಿದಾಗ ಎರಡು ಉಳಿಯಿತು. 647ಕ್ಕೆ ಬಂದಾಗ "ಸಿಕ್ಕಿತು!" ಎಂದು ಕೂಗಿದಳು. ನೋಡಿದರೆ ಬಂದದ್ದು 570007. ಆರು ಹೆಚ್ಚು. ಕೊನೆಯ 751 ಕೂಡ ಸೋತಿತು.

570001 ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದಕ್ಕೂ ಅದು ಮಣಿಯುವುದಿಲ್ಲ.

ಅದರ ಇನ್ನೊಂದು ಗುಣ ಇನ್ನೂ ಸೊಗಸಾದದ್ದು. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯ ಸಂಖ್ಯೆಗಳೆಲ್ಲ ಎರಡು ವರ್ಗಗಳ ಮೊತ್ತವಾಗಿರುತ್ತವೆ, ಅದೂ ಒಂದೇ ಒಂದು ರೀತಿಯಲ್ಲಿ. 17ನೆಯ ಶತಮಾನದಲ್ಲಿ ಫರ್ಮಾ ಇದನ್ನು ಹೇಳಿದರು, 18ನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿದರು. 13 ಎಂದರೆ 4 ಮತ್ತು 9. 29 ಎಂದರೆ 4 ಮತ್ತು 25. ನಮ್ಮ 570001 ಎಂದರೆ 425ರ ವರ್ಗ 1,80,625 ಮತ್ತು 624ರ ವರ್ಗ 3,89,376. ಕೂಡಿ ನೋಡಿ!

ಪಕ್ಕದ ಬಡಾವಣೆಗಳದು ಬೇರೆಯೇ ಕಥೆ. ವಿಶ್ವವಿದ್ಯಾನಿಲಯವಿರುವ ಮಾನಸಗಂಗೋತ್ರಿಯ 570006 ಆರರಿಂದ ಭಾಗವಾಗುತ್ತದೆ, ಸಮೃದ್ಧ ಸಂಖ್ಯೆ. ಸರಸ್ವತಿಪುರಂನ 570009 ಎಂದರೆ 3, 11, 23, 751ರ ಗುಣಲಬ್ಧ. ಅದರ ಭಾಜಕಗಳ ಮೊತ್ತ 2,96,295 ಮಾತ್ರ, ಕೊರತೆಯ ಸಂಖ್ಯೆ. ಹಾಗೆಂದು ಸರಸ್ವತಿಪುರಂನವರಿಗೆ ಏನೂ ಕೊರತೆಯಾಗಿಲ್ಲ! ಸಮೃದ್ಧಿ, ಕೊರತೆ ಎಂಬುವು ಸಂಖ್ಯೆಯ ಭಾಜಕಗಳ ಮಾತು, ಅಲ್ಲಿ ವಾಸಿಸುವವರ ಹಣೆಬರಹವಲ್ಲ.

ನಮ್ಮ ಹಣ ಕಾಯುವ ಸಂಖ್ಯೆಗಳು

ಇದರಿಂದ ಏನು ಪ್ರಯೋಜನ ಎಂದು ಅಣ್ಣ ಕೇಳಿದ. ನ್ಯಾಯವಾದ ಪ್ರಶ್ನೆ. 1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅವಿಭಾಜ್ಯ ಸಂಖ್ಯೆಗಳಿಂದ ಬೀಗ ಮಾಡುವ ಉಪಾಯ ಕಂಡುಹಿಡಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಮೂಲದ ಎರಡನ್ನು ಹುಡುಕು ಎಂದರೆ ಬಹಳ ಕಷ್ಟ. ಬಳಕೆಯಲ್ಲಿರುವ ಇಂಥ ಬೀಗಗಳಲ್ಲಿ ಗುಣಲಬ್ಧ 617 ಅಂಕಿಗಳಷ್ಟು ಉದ್ದವಿರುತ್ತದೆ. ಅಂತರಜಾಲದಲ್ಲಿ ಹಣ ಮತ್ತು ಗುಟ್ಟಿನ ಮಾತುಗಳನ್ನು ಕಾಯಲು ಬಳಸುವ ಬೀಗಗಳಲ್ಲಿ ಇದೂ ಒಂದು.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಅಂಕಿಗಳು ಬೆಳೆದರೂ ಸಮಯ ಹುಚ್ಚಾಪಟ್ಟೆ ಬೆಳೆಯದಂತೆ ಹೇಳುವ ವಿಧಾನವನ್ನು 2002ರಲ್ಲಿ ಜಗತ್ತಿಗೆ ಕೊಟ್ಟವರು ನಮ್ಮ ಕಾನ್ಪುರದ ಐಐಟಿಯ ಮಣೀಂದ್ರ ಅಗರ್ವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. 2024ರಲ್ಲಿ ಪತ್ತೆಯಾದ ಅವಿಭಾಜ್ಯ ಸಂಖ್ಯೆಯೊಂದರಲ್ಲಿ 4,10,24,320 ಅಂಕಿಗಳಿವೆ!

786 ಮತ್ತು ನಾವು

ಬೇರೆಯವರ ಮೂಢನಂಬಿಕೆ ತೋರಿಸುವುದು ಸುಲಭ. ನಮ್ಮ ಮನೆಯೊಳಗೂ ನೋಡಬೇಕಲ್ಲ? ಕೊನೆಯಲ್ಲಿ 786 ಇರುವ ನೋಟಿಗೆ, ಗಾಡಿ ನಂಬರಿಗೆ ನಮ್ಮವರು ಹೆಚ್ಚು ದುಡ್ಡು ತೆರುವುದು ಗುಟ್ಟಿನ ಸಂಗತಿಯಲ್ಲ. ನೋಟು ಮುದ್ರಿಸುವ ಘಟಕವೊಂದು 1996ರಿಂದ ನಮ್ಮ ಮೈಸೂರಿನಲ್ಲೇ ಇದೆ. ಕ್ರಮವಾಗಿ ಸಂಖ್ಯೆ ಹಾಕಿದ ಯಾವುದೇ ಸಾವಿರ ನೋಟುಗಳಲ್ಲಿ 786ರಿಂದ ಮುಗಿಯುವುದು ಸರಿಯಾಗಿ ಒಂದು ಇರುತ್ತದೆ. 785ರಿಂದ ಮುಗಿಯುವುದೂ ಒಂದೇ.

ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅರಬಿ ಅಕ್ಷರಕ್ಕೂ ಒಂದು ಬೆಲೆಯಿದೆ. ಬಿಸ್ಮಿಲ್ಲಾಹ್‌ನ ಅಕ್ಷರಗಳನ್ನು ಹಾಗೆ ಕೂಡಿ 786 ಎನ್ನುತ್ತಾರೆ. ಆದರೆ ಎಷ್ಟೋ ಬೇರೆ ಬೇರೆ ಅಕ್ಷರಗಳ ಜೋಡಣೆಗೂ ಅದೇ ಮೊತ್ತ ಬರಬಹುದು. ಮೊತ್ತದಿಂದ ಹಿಂದಕ್ಕೆ ಹೋಗಿ ಮಾತನ್ನು ಪಡೆಯಲಾಗದು. ಸಂಖ್ಯೆಯಾಗಿ ನೋಡಿದರೆ 786 ಎಂದರೆ 2, 3 ಮತ್ತು 131ರ ಗುಣಲಬ್ಧ, ಅಷ್ಟೇ. ಬರ್ಕತ್ ಬೇಕಾದವರು ಆ ಪವಿತ್ರ ಮಾತನ್ನೇ ಹೇಳಿ ಕೆಲಸ ಆರಂಭಿಸಲಿ. ಅದಕ್ಕೆ ಯಾರೂ ಹೆಚ್ಚುವರಿ ಶುಲ್ಕ ಕೇಳುವುದಿಲ್ಲ.

ಕೊನೆಯದಾಗಿ

ಅಣ್ಣನಿಗೆ ಹಳೆಯ ನಂಬರು ಮತ್ತೆ ಸಿಗಲಿಲ್ಲ. ಈಗ ಅದನ್ನು ಹೊಂದಿರುವವರು ಒಳ್ಳೆಯ ಮನುಷ್ಯರು. ಯಾರಾದರೂ ಹೊಲಿಗೆಗೆಂದು ಕರೆ ಮಾಡಿದರೆ ಹೊಸ ನಂಬರು ಹೇಳುತ್ತಾರಂತೆ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಹೊಸ ನಂಬರು ಅವರಿಗೆ ಬಾಯಿಪಾಠವಾಗಲು ಇನ್ನೂ ಕೆಲವು ಈದ್‌ಗಳು ಬೇಕಾಗಬಹುದು.

ಮಗಳಿಗೆ ಮಾತ್ರ ಒಂದು ಲಾಭವಾಯಿತು. ಗಣಿತದ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಬಸ್ಸಿನ ನಂಬರು, ಮನೆಯ ನಂಬರು ಯಾವುದನ್ನೂ ಬಿಡುವುದಿಲ್ಲ. ನೀವೂ ನಿಮ್ಮೂರಿನ ಪಿನ್‌ಕೋಡ್ ತೆಗೆದುಕೊಂಡು ಮಕ್ಕಳ ಜೊತೆ ಒಂದು ಸಂಜೆ ಕುಳಿತು ನೋಡಿ. ಎರಡರಿಂದ ಶುರು ಮಾಡಿ, ಮೂರು, ಐದು, ಏಳು ಎಂದು ಭಾಗಿಸುತ್ತಾ ಹೋಗಿ. ಅದು ಒಡೆಯಬಹುದು, ಒಡೆಯದೇ ಇರಬಹುದು. ಫ್ಯಾನ್ಸಿ ನಂಬರಿಗೆಂದು ತೆಗೆದಿಟ್ಟ ದುಡ್ಡಿದ್ದರೆ ಅದರಲ್ಲಿ ಮಗುವಿಗೊಂದು ಒಳ್ಳೆಯ ಲೆಕ್ಕದ ಪುಸ್ತಕ ಕೊಡಿಸಿ.